ಮಾತಾಡದ ನಾಯಕನ ಸುತ್ತ ಕಟ್ಟಿದ ಕಥೆ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಒಂದು ವಿಡಿಯೋ ಗೇಮ್‌ನ ಕಥೆಯ ಬಗ್ಗೆ ಮಾತಾಡೋಣ. ಆಟದ ಹೆಸರು ಫೈನಲ್ ಫ್ಯಾಂಟಸಿ 14. ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿಯದು. ಬೇರೆ ಬೇರೆ ದೇಶದ ಜನ ಇಂಟರ್ನೆಟ್ ಮೂಲಕ ಒಂದೇ ಲೋಕದೊಳಗೆ ಸೇರಿ ಆಡುವಂಥ ಆಟ. ಇಂಥ ಆಟಗಳೆಂದರೆ ಸುಮ್ನೆ ರಾಕ್ಷಸರನ್ನು ಹೊಡೆಯುವುದು, ಲೆವೆಲ್ ಏರಿಸುವುದು, ಇನ್ನೂ ಚೆನ್ನಾಗಿರುವ ಕತ್ತಿ ಹುಡುಕುವುದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದೆಲ್ಲ ಇದರಲ್ಲೂ ಇದೆ. ಆದರೆ ನನ್ನ ಮಟ್ಟಿಗೆ ಇದು ಮೊದಲು ಒಂದು ಕಥೆ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ನಾನು ಕಂಡ ಒಳ್ಳೆಯ ಪಾತ್ರಗಳಲ್ಲಿ ಕೆಲವು ಈ ಆಟದಲ್ಲೇ ಇವೆ.

ಆನ್‌ಲೈನ್ ಆಟಕ್ಕೆ ಕಥೆ ಬರೆಯುವವರಿಗೆ ಒಂದು ದೊಡ್ಡ ತೊಡಕಿದೆ. ಕಥೆಯ ಪ್ರಕಾರ ಲೋಕ ಉಳಿಸುವ ವೀರ ಒಬ್ಬನೇ. ಆದರೆ ಆಡುವ ಪ್ರತಿಯೊಬ್ಬರೂ ಆ ವೀರನೇ ಅಲ್ವಾ? ಪೇಟೆಯಲ್ಲಿ ಅಂಗಡಿ ಮುಂದೆ ಗುಂಪುಗಟ್ಟಿ ನಿಂತವರೆಲ್ಲ ಲೋಕ ಉಳಿಸಿದವರೇ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಈ ವೀರ ಮಾತಾಡುವುದಿಲ್ಲ. ಹೆಣ್ಣೋ ಗಂಡೋ, ಸಿಡುಕಿನವರೋ ಸಾಧುವೋ ಎನ್ನುವುದನ್ನೆಲ್ಲ ಆಡುವವರು ತಮ್ಮ ಮನಸ್ಸಿಗೆ ಬಂದಂತೆ ಇಟ್ಟುಕೊಳ್ಳಬೇಕಾದ್ದರಿಂದ ಬರಹಗಾರರು ಆ ಬಾಯಿಗೆ ಹೆಚ್ಚು ಮಾತು ಕೊಡುವ ಹಾಗಿಲ್ಲ. ತಲೆಯಾಡಿಸಬಹುದು, ಮುಷ್ಟಿ ಬಿಗಿಯಬಹುದು, ಆಗಾಗ ಎರಡು ಮೂರು ಉತ್ತರಗಳಲ್ಲಿ ಒಂದನ್ನು ಆರಿಸಬಹುದು. ಅಷ್ಟೇ. ನಡುವೆ ನಿಂತ ಮುಖ್ಯ ಪಾತ್ರವೇ ಖಾಲಿ. ಬೇರೆ ಎಷ್ಟೋ ಆಟಗಳು ಈ ಖಾಲಿತನವನ್ನು ಹೇಗೋ ಮುಚ್ಚಿಟ್ಟು ಮುಂದೆ ಹೋಗುತ್ತವೆ. ಈ ಆಟದ ಬರಹಗಾರರು ಅದನ್ನೇ ಹಿಡಿದು ಕಥೆ ಮಾಡಿದರು. ನಾನು ಇವತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಶುರುವಿನಿಂದಲೇ ಈ ಗುಣ ಕಾಣುತ್ತದೆ. ಈ ಆಟ ಮೊದಲು ಬಂದದ್ದು 2010ರ ಸೆಪ್ಟೆಂಬರ್‌ನಲ್ಲಿ. ಪೂರ್ತಿ ನೆಲಕಚ್ಚಿತು. ಆ ವರ್ಷದ ಕೊನೆಗೆ ನವೋಕಿ ಯೋಶಿದಾ ಎಂಬುವರ ಕೈಗೆ ಕೊಟ್ಟರು. ಅವರ ತಂಡ ಹಳೆಯ ಆಟವನ್ನು ನಡೆಸುತ್ತಲೇ ಪಕ್ಕದಲ್ಲಿ ಹೊಸದನ್ನು ಕಟ್ಟಿತು. 2012ರ ನವೆಂಬರ್‌ನಲ್ಲಿ ಹಳೆಯದನ್ನು ಮುಚ್ಚುವಾಗ ಕಥೆಯೊಳಗೇ ಒಂದು ಕೆಂಪು ಚಂದ್ರ ಭೂಮಿಯತ್ತ ಇಳಿದು ಬಂತು. ಅದು ಒಡೆದು ಒಳಗಿಂದ ಬಹಮತ್ ಎಂಬ ಡ್ರ್ಯಾಗನ್ ಹೊರಬಂದು ನಾಡನ್ನೆಲ್ಲ ಸುಟ್ಟಿತು. 2013ರ ಆಗಸ್ಟ್‌ನಲ್ಲಿ ಹೊಸ ಆಟ ಬಂದಾಗ ಕಥೆಯಲ್ಲಿ ಐದು ವರ್ಷ ಕಳೆದಿದೆ. ಅವತ್ತು ಲೋಕಕ್ಕಾಗಿ ಹೋರಾಡಿದ ವೀರರಿದ್ದರು ಅಂತ ಜನರಿಗೆ ನೆನಪಿದೆ. ಆದರೆ ಅವರ ಮುಖ ಯಾರಿಗೂ ನೆನಪಿಲ್ಲ. ನೆನೆಯಲು ಹೋದರೆ ಸೂರ್ಯನಿಗೆ ಬೆನ್ನು ಮಾಡಿ ನಿಂತವರ ಆಕಾರ ಮಾತ್ರ ಕಾಣುತ್ತದಂತೆ. ಆ ಮುಖವಿಲ್ಲದ ವೀರರೇ ಹಳೆಯ ಆಟ ಆಡಿದವರು. ಕಂಪನಿಗೆ ಬಿದ್ದ ದೊಡ್ಡ ಪೆಟ್ಟನ್ನು ಆ ಲೋಕದ ಇತಿಹಾಸವಾಗಿಸಿ, ಜೊತೆಗೆ ಸಾವಿರಾರು ಆಟಗಾರರಿಗೂ ಅದರಲ್ಲಿ ಒಂದು ಜಾಗ ಕೊಟ್ಟ ರೀತಿ ನನಗೆ ತುಂಬ ಇಷ್ಟ.

ಹಾಗಂತ ಈ ಮೊದಲ ಭಾಗ ಸಲೀಸು ಅಂತ ಹೇಳಲಾರೆ. ನಿಧಾನ. ವಿಪರೀತ ನಿಧಾನ. ಇವರಿಗೆ ಈ ಕಾಗದ ಮುಟ್ಟಿಸು, ಅವರಿಗೆ ಔತಣಕ್ಕೆ ಸಾಮಾನು ತಂದುಕೊಡು, ಅಲ್ಲಿ ಮೂರು ತೋಳ ಹೊಡೆದು ಬಾ. ದೇವರಂಥ ದೈತ್ಯನನ್ನು ಸೋಲಿಸಿ ಬಂದ ಮೇಲೂ ಅದೇ ಚಾಕರಿ. 2020ರಲ್ಲಿ ಅವರೇ ಕುಳಿತು ಇಂಥ ಎಷ್ಟೋ ಕೆಲಸಗಳನ್ನು ತೆಗೆದುಹಾಕಿದರು. ಆದರೂ ಬೇಕಾದಷ್ಟು ಉಳಿದಿವೆ. ಇಲ್ಲೇ ಬೇಸತ್ತು ಬಿಟ್ಟುಹೋದವರು ಜಾಸ್ತಿ. ಅವರನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

ಆದರೆ ಈ ಚಾಕರಿಗೂ ಒಂದು ಫಲ ಇದೆ. 2015ರಲ್ಲಿ ಹೆವೆನ್ಸ್‌ವರ್ಡ್ ಎಂಬ ಎರಡನೆಯ ಭಾಗ ಬಂತು. ಹಿಮ ಕವಿದ ಇಶ್ಗಾರ್ಡ್ ಎಂಬ ನಗರದ ಕಥೆ. ಅಲ್ಲಿ ಡಾರ್ಕ್ ನೈಟ್ ಎಂಬ ಹೊಸ ವಿದ್ಯೆ ಕಲಿಯಬಹುದು. ಅದನ್ನು ಕಲಿಸುವ ಕಥೆ ಮುಖ್ಯ ಕಥೆಯಿಂದ ಬೇರೆ, ಪಕ್ಕದಲ್ಲಿ ನಡೆಯುತ್ತದೆ. ಬರೆದವರು ನತ್ಸುಕೋ ಇಶಿಕಾವಾ. ನಗರದ ಬಡವರ ಕೇರಿಯಲ್ಲಿ ಒಂದು ಹೆಣ ಬಿದ್ದಿದೆ. ಅದರ ಬಳಿ ಒಂದು ಹರಳು. ನೀವು ಆ ಹರಳನ್ನು ಮುಟ್ಟುತ್ತೀರಿ. ಹೆಣ ಎದ್ದು ಕೂರುತ್ತದೆ. ಹೆಸರು ಫ್ರೇ. ಇನ್ನು ಮುಂದೆ ಫ್ರೇಯೇ ನಿಮ್ಮ ಗುರು.

ಫ್ರೇಯ ಮಾತು ತುಂಬ ಕಟು. ನಿಮ್ಮಿಂದ ಉಪಕಾರ ಪಡೆದವರ ಮೇಲೆಲ್ಲ ಸಿಟ್ಟು. ಇವರಿಗಾಗಿ ಯಾಕೆ ಸಾಯುತ್ತೀಯ, ನಿನ್ನ ಕಷ್ಟ ಏನು ಅಂತ ಯಾರಾದರೂ ಒಮ್ಮೆಯಾದರೂ ಕೇಳಿದ್ದಾರಾ, ಎಲ್ಲ ಬಿಟ್ಟು ಎಲ್ಲಾದರೂ ದೂರ ಹೋಗಿಬಿಡೋಣ — ಫ್ರೇಯ ಮಾತಿನ ಧಾಟಿ ಇದು. ಕೇಳುತ್ತ ಕೇಳುತ್ತ ನಿಮಗೇ ಅನಿಸುತ್ತದೆ, ಇವರು ಹೇಳುವುದರಲ್ಲಿ ತಪ್ಪೇನಿದೆ? ಅಷ್ಟೊಂದು ಕಾಗದ ಮುಟ್ಟಿಸಿ, ಅಷ್ಟೊಂದು ತೋಳ ಹೊಡೆದು ದಣಿದವರು ನೀವೇ ತಾನೆ. ಕೊನೆಗೆ ಗೊತ್ತಾಗುತ್ತದೆ: ಫ್ರೇ ಆವತ್ತೇ ಸತ್ತಾಗಿತ್ತು. ಇಷ್ಟು ದಿನ ಮಾತಾಡುತ್ತಿದ್ದದ್ದು ನಿಮ್ಮದೇ ಅದುಮಿಟ್ಟ ದನಿ. ಬಾಯಿ ಬಿಡದ ನಾಯಕನೊಳಗೆ ಸೇರಿಕೊಂಡ ಸುಸ್ತು, ಸಿಟ್ಟು, ದುಃಖ ಎಲ್ಲ ಸೇರಿ ಒಂದು ಹೆಣದ ರೂಪ ತೊಟ್ಟು ಎದುರು ನಿಂತಿವೆ. ಕಥೆಯನ್ನು ಇನ್ನೊಮ್ಮೆ ನೋಡಿದರೆ ಸುತ್ತಲಿನವರು ಮಾತಾಡುವಾಗಲೆಲ್ಲ ನಿಮ್ಮ ಕಡೆಗೇ ತಿರುಗಿದ್ದಾರೆ. ಅವರಿಗೆ ಅಲ್ಲಿ ಇನ್ನೊಬ್ಬರು ಕಂಡೇ ಇಲ್ಲ.

ಇದು ಎಂಥ ಬರವಣಿಗೆ ನೋಡಿ. ಮಾತಿಲ್ಲದ ನಾಯಕ ಎನ್ನುವುದು ಆಟದ ಒಂದು ಕಟ್ಟುಪಾಡು. ಚಾಕರಿ ಮಾಡಿಸುವುದು ಇಂಥ ಆಟಗಳ ಹಳೇ ಚಾಳಿ. ಇವೆರಡನ್ನೂ ಸೇರಿಸಿ ಇಶಿಕಾವಾ ಒಬ್ಬ ಮನುಷ್ಯನ ಒಳಗನ್ನು ತೋರಿಸಿಬಿಟ್ಟರು. ನಿಮಗೆ ಬೇಜಾರು ಬಂದಿದ್ದರೆ ಅದೂ ಪಾತ್ರದ್ದೇ. ಸಿನಿಮಾದಲ್ಲಿ ಇದು ಆಗದು. ಅಲ್ಲಿ ದಣಿದದ್ದು ಇನ್ಯಾರೋ, ಇಲ್ಲಿ ಆ ಕೆಲಸವನ್ನೆಲ್ಲ ಮಾಡಿದ್ದು ನಿಮ್ಮ ಕೈ.

ನಾಯಕ ಮಾತಾಡದಿದ್ದರೆ ಸುತ್ತಲಿನವರು ಬೆಳೆಯಬೇಕಾಗುತ್ತದೆ. ಆಲ್ಫಿನೋ ಎಂಬ ಹದಿನಾರರ ಹುಡುಗ ಒಬ್ಬನಿದ್ದಾನೆ. ದೊಡ್ಡ ಮನೆತನ, ಮಹಾ ಬುದ್ಧಿವಂತ. ತನಗೆ ಎಲ್ಲ ಗೊತ್ತು ಅನ್ನುವ ಹುಡುಗ. ತಾನೇ ಒಂದು ಸೈನ್ಯ ಕಟ್ಟುತ್ತಾನೆ. ಆ ಸೈನ್ಯವೇ ಅವನಿಗೆ ದ್ರೋಹ ಬಗೆಯುತ್ತದೆ. ಆಮೇಲೆ ಹೆವೆನ್ಸ್‌ವರ್ಡ್‌ನಲ್ಲಿ ಅವನು ನಮ್ಮ ಜೊತೆ ಹಿಮದಲ್ಲಿ ಅಲೆಯುತ್ತಾನೆ. ರಾತ್ರಿ ಬೀಡುಬಿಟ್ಟಾಗ ಸೌದೆ ತರುವುದೂ ಅವನಿಗೆ ಬರದು. ಅದನ್ನೂ ಕಲಿಯಬೇಕು. ರಾಜಕೀಯದ ಭಾಷಣ ಬಿಗಿಯುತ್ತಿದ್ದ ಹುಡುಗ ಪುಳ್ಳೆ ಆರಿಸುವುದನ್ನು ಕಲಿಯುವ ಈ ಸಣ್ಣ ಸಂಗತಿ ನನಗೆ ಯುದ್ಧದ ದೃಶ್ಯಗಳಿಗಿಂತ ಹೆಚ್ಚು ನೆನಪಿದೆ. ಆಮೇಲೆ ಬಂದ ಭಾಗಗಳಲ್ಲೂ ಅವನು ಜೊತೆಗಿರುತ್ತಾನೆ. ಒಂದು ಪಾತ್ರವನ್ನು ಇಷ್ಟು ವರ್ಷ, ಇಷ್ಟು ನಿಧಾನವಾಗಿ ಬೆಳೆಸುವ ಅವಕಾಶ ಬೇರೆ ಎಲ್ಲಿ ಸಿಗುತ್ತದೆ ಹೇಳಿ? ಹೆವೆನ್ಸ್‌ವರ್ಡ್‌ನಲ್ಲೇ ಓರ್ಷ್‌ಫಾಂ ಎಂಬ ಗೆಳೆಯ ನಿಮ್ಮ ಮೇಲೆ ಎಸೆದ ಬೆಳಕಿನ ಈಟಿಗೆ ತನ್ನ ಗುರಾಣಿ ಒಡ್ಡಿ ಸಾಯುತ್ತಾನೆ. ಊರು ಕಾಣುವ ಗುಡ್ಡದ ಮೇಲೆ ಅವನ ಸಮಾಧಿ ಕಲ್ಲಿದೆ. ಒಡೆದ ಗುರಾಣಿಯೂ ಅಲ್ಲೇ ಇದೆ. ಆಟಗಾರರು ಯಾವ ಲಾಭವೂ ಇಲ್ಲದೆ, ಸುಮ್ನೆ ನಿಂತು ಹೋಗಲೆಂದು ಅಲ್ಲಿಗೆ ಬರುತ್ತಾರೆ.

ಈಗ ಎಮೆಟ್-ಸೆಲ್ಕ್ ವಿಷಯಕ್ಕೆ ಬರೋಣ. 2019ರ ಜುಲೈನಲ್ಲಿ ಬಂದ ಶ್ಯಾಡೋಬ್ರಿಂಗರ್ಸ್ ಭಾಗದ ಪ್ರತಿನಾಯಕ. ಇಲ್ಲೂ ಮುಖ್ಯ ಬರಹಗಾರ್ತಿ ಇಶಿಕಾವಾ. ಈ ಮನುಷ್ಯ ಬರುವಾಗ ಕತ್ತಿ ಹಿಡಿದು ಬರುವುದಿಲ್ಲ. ನೇರ ಬಂದು, ನಾನು ನಿಮ್ಮ ಶತ್ರು, ಆದರೆ ಸ್ವಲ್ಪ ದಿನ ಜೊತೆಗಿದ್ದು ನಿಮ್ಮನ್ನು ನೋಡುತ್ತೇನೆ ಅನ್ನುತ್ತಾನೆ. ಹಾಗೇ ಜೊತೆಗಿರುತ್ತಾನೆ. ಬಗ್ಗಿದ ಬೆನ್ನು, ಸದಾ ನಿದ್ದೆಗಣ್ಣು. ಕೇಳಿದ ಪ್ರಶ್ನೆಗೆ ಸುಳ್ಳು ಹೇಳದೆ ಉತ್ತರ ಕೊಡುತ್ತಾನೆ.

ಅವನ ಕಥೆ ಹೀಗಿದೆ. ಬಹಳ ಹಿಂದೆ ಲೋಕ ಒಂದೇ ಆಗಿತ್ತು. ಅವನ ಜನ ಅದರಲ್ಲಿ ನೆಮ್ಮದಿಯಾಗಿದ್ದರು. ಪ್ರಳಯ ಬಂತು. ಅದನ್ನು ತಡೆಯಲು ಅರ್ಧ ಜನ ತಾವಾಗಿಯೇ ಪ್ರಾಣ ಕೊಟ್ಟರು. ಸುಟ್ಟ ನೆಲದಲ್ಲಿ ಮತ್ತೆ ಜೀವ ಚಿಗುರಲೆಂದು ಉಳಿದವರಲ್ಲಿ ಅರ್ಧ ಮಂದಿ ಕೊಟ್ಟರು. ಕೊನೆಗೆ ಲೋಕ ಒಡೆದು ಹದಿನಾಲ್ಕು ಚೂರಾಯಿತು. ಜೀವಿಗಳೂ ಹಾಗೇ ಹರಿದುಹೋದವು. ಒಡೆಯದೆ ಉಳಿದವರು ಮೂರೇ ಜನ. ಅವರಲ್ಲಿ ಇವನೊಬ್ಬ. ಚೂರುಗಳನ್ನೆಲ್ಲ ಮತ್ತೆ ಸೇರಿಸಿದರೆ ತನ್ನವರನ್ನು ಹಿಂದೆ ತರಬಹುದು ಅಂತ ಅವನ ಲೆಕ್ಕ. ಹಾಗೆ ಸೇರಿಸುವಾಗ ಚೂರುಗಳಲ್ಲಿರುವ ನಾವೆಲ್ಲ ಸಾಯಬೇಕು. ಅವನ ಕಣ್ಣಿಗೆ ನಾವು ಪೂರ್ತಿ ಜೀವಿಗಳೇ ಅಲ್ಲ. ಹಾಗಾಗಿ ಅದು ಅವನಿಗೆ ಕೊಲೆ ಅನಿಸುವುದೂ ಇಲ್ಲ.

ಇಷ್ಟನ್ನು ಹೇಳಿ ಬಿಟ್ಟಿದ್ದರೆ ಒಳ್ಳೆಯ ಹಿನ್ನೆಲೆಯಿರುವ ವಿಲನ್ ಆಗಿರುತ್ತಿದ್ದ. ಆದರೆ ಕಥೆ ನಮ್ಮನ್ನು ಅವನ ಊರಿಗೇ ಕರೆದೊಯ್ಯುತ್ತದೆ. ಕಡಲ ತಳದಲ್ಲಿ ಅವನು ಮಂತ್ರದಿಂದ ತನ್ನ ಹಳೆಯ ನಗರ ಅಮೊರಾಟ್ ಅನ್ನು ಮತ್ತೆ ಕಟ್ಟಿದ್ದಾನೆ. ಆಕಾಶಕ್ಕೆ ಮುಟ್ಟುವ ಕಟ್ಟಡಗಳು, ಬೀದಿದೀಪಗಳು, ಉದ್ದ ನಿಲುವಂಗಿ ತೊಟ್ಟ ದೈತ್ಯ ಗಾತ್ರದ ಜನ. ಎಲ್ಲ ನೆರಳುಗಳು. ಪ್ರಳಯದ ಹಿಂದಿನ ದಿನಗಳಲ್ಲೇ ನಿಂತುಹೋದವರು. ಅವರ ಮುಂದೆ ನೀವು ತೀರಾ ಚಿಕ್ಕವರು, ಹಾಗಾಗಿ ಯಾವುದೋ ಮಗು ಅಂದುಕೊಂಡು ಅಕ್ಕರೆಯಿಂದ ಮಾತಾಡಿಸುತ್ತಾರೆ. ಅಲ್ಲಿ ಒಂದು ಕಚೇರಿ ಇದೆ. ನಿಮ್ಮ ಕಾಗದಪತ್ರ ಆಗುವ ತನಕ ಬೆಂಚಿನ ಮೇಲೆ ಕಾದು ಕೂರಬೇಕು. ಲೋಕ ಮುಳುಗುತ್ತಿರುವಾಗ ಒಂದು ಕಚೇರಿಯ ಬೆಂಚಿನ ಮೇಲೆ ಸುಮ್ಮನೆ ಕೂರಿಸುತ್ತಾರೆ! ಪಕ್ಕದಲ್ಲಿ ಹಿಥ್ಲೋಡೇಯಸ್ ಎಂಬ ನೆರಳು ಬಂದು ಕೂರುತ್ತಾನೆ. ಅವನೊಬ್ಬನಿಗೆ ಮಾತ್ರ ತಾನು ನೆರಳೆಂದು ಗೊತ್ತು. ಯಾಕೆಂದರೆ ಎಮೆಟ್-ಸೆಲ್ಕ್ ತನ್ನ ಆ ಜೀವದ ಗೆಳೆಯನನ್ನು ಅಷ್ಟು ಚೆನ್ನಾಗಿ ನೆನಪಿಟ್ಟುಕೊಂಡು ಕಟ್ಟಿದ್ದಾನೆ. ನಿಮ್ಮೊಳಗಿರುವುದು ಅವರಿಬ್ಬರ ಇನ್ನೊಬ್ಬ ಹಳೆಯ ಗೆಳೆಯನ ಆತ್ಮದ ಚೂರು ಅಂತ ಹಿಥ್ಲೋಡೇಯಸ್‌ಗೆ ಕಾಣುತ್ತದೆ.

ತಾಳಮದ್ದಳೆಯಲ್ಲಿ ನುರಿತ ಅರ್ಥಧಾರಿಯೊಬ್ಬರು ಕೌರವನ ಪರವಾಗಿ ಮಾತಿಗೆ ನಿಂತರೆ, ಮುಂದೇನಾಗುತ್ತದೆಂದು ಗೊತ್ತಿದ್ದೂ ಅವನೇ ಗೆಲ್ಲಲಿ ಅನಿಸಿಬಿಡುತ್ತದಲ್ಲ, ಇಲ್ಲೂ ಹಾಗೇ ಆಗುತ್ತದೆ. ಅವನ ಬೀದಿಗಳಲ್ಲಿ ನಡೆದು, ಅವನ ಜನರ ಹತ್ತಿರ ಮಾತಾಡಿ ಬಂದ ಮೇಲೂ ಅವನನ್ನು ಕೊಲ್ಲಲೇಬೇಕು. ನಮ್ಮವರೂ ಬದುಕಬೇಕಲ್ಲ. ಸಾಯುವಾಗ ಅವನು ಕೇಳುವುದು ಒಂದೇ, ನಾವೂ ಒಮ್ಮೆ ಬದುಕಿದ್ದೆವು, ನೆನಪಿಡಿ ಅಂತ. ನಿಮ್ಮ ನಾಯಕ ತಲೆಯಾಡಿಸುತ್ತಾನೆ. ಅಲ್ಲಿ ಅದಕ್ಕಿಂತ ಜಾಸ್ತಿ ಏನೂ ಬೇಕಾಗಿಲ್ಲ.

ಮುಂದಿನ ಭಾಗ ಎಂಡ್‌ವಾಕರ್, 2021ರ ಡಿಸೆಂಬರ್. ಅದರಲ್ಲಿ ಒಂದೇ ಒಂದು ಘಟನೆ ಹೇಳುತ್ತೇನೆ. ಶತ್ರು ನಿಮ್ಮ ಮೈಯನ್ನೇ ಕದಿಯುತ್ತಾನೆ. ನಿಮ್ಮ ಜೀವವನ್ನು ಒಬ್ಬ ಸಾಮಾನ್ಯ ಸೈನಿಕನ ಮೈಗೆ ಹಾಕಿ ಪಾಳುಬಿದ್ದ ನಗರದಲ್ಲಿ ಬಿಡುತ್ತಾನೆ. ಅತ್ತ ನಿಮ್ಮ ಮುಖ ಹೊತ್ತವನು ನಿಮ್ಮ ಗೆಳೆಯರ ಬಿಡಾರದ ಕಡೆ ಹೊರಟಿದ್ದಾನೆ. ವರ್ಷಗಟ್ಟಲೆ ಆಡಿ ಗಳಿಸಿದ ವಿದ್ಯೆ ಒಂದೂ ಇಲ್ಲ. ಕೈಯಲ್ಲಿ ಬರಿಯ ಒಂದು ಕತ್ತಿ. ಕಣ್ಣು ತಪ್ಪಿಸಿಕೊಂಡು, ಪೆಟ್ಟು ತಿಂದು, ಹಿಮದಲ್ಲಿ ಕುಂಟುತ್ತ ಹೋಗಬೇಕು. ಕೊನೆಗೆ ತೆವಳಬೇಕು. ಗುಂಡಿ ಒತ್ತಿ ಹಿಡಿದರೆ ಮೈ ಒಂದಿಷ್ಟೇ ಮುಂದೆ ಸರಿಯುತ್ತದೆ. ತುಂಬ ಕಷ್ಟ ಅನಿಸಿದವರಿಗೆ ಸುಲಭದ ದಾರಿಯೂ ಇಟ್ಟಿದ್ದಾರೆ. ಸಾಧ್ಯವಾದರೆ ಕಷ್ಟದಲ್ಲೇ ಆಡಿ ಅನ್ನುತ್ತೇನೆ. ಇಷ್ಟು ದಿನ ನಾವು ಒಂದೇ ಏಟಿಗೆ ಉರುಳಿಸುತ್ತಿದ್ದ ಸೈನಿಕ ಅಂದರೆ ಎಂಥ ಮೈಯವನು ಅಂತ ಅಲ್ಲಿ ಅರ್ಥವಾಗುತ್ತದೆ.

2024ರಲ್ಲಿ ಬಂದ ಡಾನ್‌ಟ್ರೇಲ್ ಭಾಗದ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಅದರಲ್ಲಿ ವೂಕ್ ಲಮಾಟ್ ಎಂಬ ರಾಜಕುಮಾರಿ ಮುಂದೆ, ನಮ್ಮ ನಾಯಕ ಅವಳಿಗೆ ಬೆಂಬಲ. ನಾಯಕ ಪಕ್ಕಕ್ಕೆ ಸರಿದದ್ದೇ ತಪ್ಪು ಅಂತ ತುಂಬ ಜನ ಸಿಟ್ಟಾದರು. ನನಗೆ ಅದು ತೊಂದರೆಯಲ್ಲ. ಅವಳು ಒಳ್ಳೆಯವಳು, ದೊಡ್ಡ ಮನಸ್ಸಿನವಳು ಅಂತ ನಾವು ಕಣ್ಣಾರೆ ಕಾಣುವ ಮೊದಲೇ ಸುತ್ತಲಿನವರೆಲ್ಲ ಹೊಗಳಿಬಿಡುತ್ತಾರೆ. ಆಲ್ಫಿನೋಗೆ ಕೊಟ್ಟಂಥ ಹಿಮದ ರಾತ್ರಿಗಳು ಅವಳಿಗೂ ಸಿಗಬೇಕಿತ್ತು.

ಆಡಬೇಕು ಅನಿಸಿದವರಿಗೆ ಕೊನೆಯದಾಗಿ ಎರಡು ಮಾತು. ಮೊದಲ ಮೂರು ಭಾಗಗಳನ್ನು, 70ನೇ ಲೆವೆಲ್‌ವರೆಗೆ, ಫ್ರೀ ಟ್ರಯಲ್‌ನಲ್ಲಿ ದುಡ್ಡು ಕೊಡದೆ ಆಡಬಹುದು. ದಿನಗಳ ಮಿತಿಯೂ ಇಲ್ಲ. ಇಂಗ್ಲಿಷ್ ಸ್ವಲ್ಪ ಹಳೆಯ ಕಾಲದ ಧಾಟಿಯದು, ಒಗ್ಗಿಕೊಳ್ಳಲು ಸಮಯ ಬೇಕು. ದೃಶ್ಯಗಳನ್ನು ಹಾರಿಸಬೇಡಿ. ಇಶ್ಗಾರ್ಡ್‌ವರೆಗೆ ಹೇಗಾದರೂ ತಾಳ್ಮೆಯಿಂದ ಹೋಗಿ. ಅಲ್ಲಿಗೆ ಹೋದ ಮೇಲೆ ಬೇರೆ ಯಾವ ವಿದ್ಯೆ ಕೈಯಲ್ಲಿದ್ದರೂ ಡಾರ್ಕ್ ನೈಟ್ ಕಥೆಯನ್ನು ಮಾತ್ರ ಬಿಡಬೇಡಿ, ಅದೂ ಆ ಫ್ರೀ ಟ್ರಯಲ್‌ನಲ್ಲೇ ಇದೆ.

ನಮಸ್ಕಾರ.