ಕರಗದ್ದು ಎಷ್ಟು ಕರಗುತ್ತದೆ?

ಕೇಳುಗರಿಗೆ ನಮಸ್ಕಾರ.

ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಕೆಲವು ಪದಾರ್ಥಗಳ ಮುಂದೆ ‘ನೀರಿನಲ್ಲಿ ಕರಗುವುದಿಲ್ಲ’ ಎಂದು ಬರೆದು ಮುಂದೆ ಹೋಗಿಬಿಡುತ್ತಾರೆ. ಬೇರಿಯಂ ಸಲ್ಫೇಟ್, ಸಿಲ್ವರ್ ಕ್ಲೋರೈಡ್, ಕಲ್ಲಿದ್ದಲ ಡಾಂಬರಿನಲ್ಲಿ ಸಿಗುವ ಆಂಥ್ರಸೀನ್, ಕೀಟನಾಶಕ ಡಿಡಿಟಿ, ಎಲ್ಲವೂ ಆ ಸಾಲಿನವೇ. ಆದರೆ ಇವು ಯಾವುವೂ ಕರಗದೇ ಇರುವುದಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 360 ಗ್ರಾಂ ಅಡುಗೆ ಉಪ್ಪನ್ನು ಕರಗಿಸಿಕೊಳ್ಳುತ್ತದೆ. ಅದೇ ನೀರು ಸಿಲ್ವರ್ ಕ್ಲೋರೈಡನ್ನು ಎರಡು ಮಿಲಿಗ್ರಾಂ ಆಸುಪಾಸು ತೆಗೆದುಕೊಳ್ಳುತ್ತದೆ. ಆಂಥ್ರಸೀನ್ ಆದರೆ 0.045 ಮಿಲಿಗ್ರಾಂ, ಅಂದರೆ 45 ಮೈಕ್ರೋಗ್ರಾಂ. ಡಿಡಿಟಿ ಅದಕ್ಕಿಂತಲೂ ಕಡಿಮೆ.

ಇಷ್ಟು ಸಣ್ಣ ಸಂಖ್ಯೆಯನ್ನು ಕಟ್ಟಿಕೊಂಡು ಏನಾಗಬೇಕು ಎಂದು ಕೇಳಬಹುದು. ಬೇರಿಯಂ ಅಯಾನು ವಿಷ. ಆದರೂ ಹೊಟ್ಟೆಯ ಎಕ್ಸ್‌ರೇ ತೆಗೆಯುವ ಮುನ್ನ ರೋಗಿಗೆ ಬೇರಿಯಂ ಸಲ್ಫೇಟ್ ಕುಡಿಸುತ್ತಾರೆ. ಅದು ಲೀಟರಿಗೆ ಎರಡೂವರೆ ಮಿಲಿಗ್ರಾಂನಷ್ಟು ಮಾತ್ರ ಕರಗುತ್ತದೆ ಎಂಬ ಒಂದೇ ಭರವಸೆಯ ಮೇಲೆ ಆ ಪರೀಕ್ಷೆ ನಿಂತಿದೆ. ಗುಳಿಗೆಯಲ್ಲಿರುವ ಔಷಧ ಕರುಳಿನ ದ್ರವದಲ್ಲಿ ಕರಗದಿದ್ದರೆ ರಕ್ತ ಸೇರುವುದೇ ಇಲ್ಲ. ಕೀಟನಾಶಕವೊಂದು ಹೊಳೆಯ ನೀರಿನಲ್ಲಿ ಉಳಿಯುತ್ತದೆಯೋ, ಕೆಸರಿಗೆ ಅಂಟುತ್ತದೆಯೋ, ಮೀನಿನ ಕೊಬ್ಬಿಗೆ ಸೇರುತ್ತದೆಯೋ ಎಂಬ ಲೆಕ್ಕವೂ ಇಲ್ಲಿಂದಲೇ ಶುರು.

ಚೆನ್ನಾಗಿ ಕರಗುವ ಪದಾರ್ಥವಾದರೆ ಅಳತೆ ಸುಲಭ. ಇನ್ನು ಕರಗದು ಎನ್ನುವಷ್ಟು ಹಾಕಿ ಕಲಕಿ, ತಿಳಿಯನ್ನು ಸೋಸಿ, ಗೊತ್ತಾದಷ್ಟು ಪ್ರಮಾಣವನ್ನು ಆವಿ ಮಾಡಿ, ತಳದಲ್ಲಿ ಉಳಿದದ್ದನ್ನು ತೂಗಿದರೆ ಆಯಿತು. ಕರಗದ ಪದಾರ್ಥಕ್ಕೆ ಈ ದಾರಿ ನಡೆಯದು. ಅಷ್ಟು ಸಣ್ಣ ತೂಕವನ್ನು ತಕ್ಕಡಿ ಹಿಡಿಯುವುದಿಲ್ಲ ಎಂದು ಕಾರಣ ಕೊಡುತ್ತಾರೆ. ಅದು ನಿಜವಾದರೂ ಅಸಲು ತೊಂದರೆ ಅಲ್ಲಿಲ್ಲ. ಇಂದಿನ ಉಪಕರಣಗಳು ಲೀಟರಿಗೆ ಒಂದು ಮೈಕ್ರೋಗ್ರಾಂ ಇದ್ದರೂ ಪತ್ತೆ ಮಾಡುತ್ತವೆ. ನನ್ನನ್ನು ಕೇಳಿದರೆ, ಇಲ್ಲಿ ಕರಗಿದ್ದನ್ನು ಅಳೆಯುವುದು ಕಷ್ಟವಲ್ಲ, ಕರಗದೆ ಉಳಿದದ್ದನ್ನು ಅಳತೆಯಿಂದ ಆಚೆ ಇಡುವುದು ಕಷ್ಟ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಆಂಥ್ರಸೀನ್‌ನ ಪರ್ಯಾಪ್ತ ದ್ರಾವಣ, ಅಂದರೆ ನೀರು ಇನ್ನು ಸಾಕು ಎನ್ನುವಷ್ಟು ಕರಗಿಸಿಕೊಂಡ ದ್ರಾವಣ ಇದೆ ಎಂದುಕೊಳ್ಳಿ. ಅದರ ಒಂದು ಮಿಲಿಲೀಟರ್‌ನಲ್ಲಿ ಇರುವುದು 45 ನ್ಯಾನೋಗ್ರಾಂ. ಈಗ ಆಂಥ್ರಸೀನ್‌ನದೇ ಒಂದು ಕಣ, 40 ಮೈಕ್ರಾನ್ ಅಡ್ಡಳತೆಯದು, ತಪ್ಪಿಸಿಕೊಂಡು ಆ ಮಿಲಿಲೀಟರ್ ಒಳಗೆ ಬಂತು. ತಲೆಗೂದಲಿಗಿಂತ ಸಣ್ಣದು, ಬರಿಗಣ್ಣಿಗೆ ಕಂಡೂ ಕಾಣದಂಥದ್ದು. ಅದರ ತೂಕ ಸುಮಾರು 42 ನ್ಯಾನೋಗ್ರಾಂ. ಒಂದೇ ಒಂದು ಕಣದಿಂದ ಉತ್ತರ ಹೆಚ್ಚುಕಡಿಮೆ ಇಮ್ಮಡಿಯಾಯಿತು! ಇನ್ನು ಕಣ್ಣಿಗೆ ಕಾಣದ, ತಳಕ್ಕೆ ಇಳಿಯದ ಕಲಿಲ ಕಣಗಳು ನೀರಿನ ತುಂಬ ತೇಲುತ್ತಿದ್ದರೆ ಉತ್ತರ ಹತ್ತು ಪಟ್ಟು, ನೂರು ಪಟ್ಟು ಏರಿದರೂ ಆಶ್ಚರ್ಯವಿಲ್ಲ. ಬೇಗ ಕರಗಲಿ ಎಂದು ಜೋರಾಗಿ ಅಲುಗಾಡಿಸಿದಷ್ಟೂ ಇಂಥ ಪುಡಿ ಹೆಚ್ಚುತ್ತದೆ. ಅವಸರ ಮಾಡಿದವರಿಗೆ ಸಿಗುವ ಸಂಖ್ಯೆ ದೊಡ್ಡದು, ನೋಡಲು ಚೆಂದ, ಆದರೆ ತಪ್ಪು.

ಪ್ರಯೋಗಾಲಯಗಳು ಅನುಸರಿಸುವ ಅಂತರರಾಷ್ಟ್ರೀಯ ಮಾರ್ಗಸೂಚಿಯೊಂದಿದೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಒಇಸಿಡಿ ಹೊರಡಿಸಿದ 105ನೇ ಸಂಖ್ಯೆಯ ಮಾರ್ಗಸೂಚಿ. ಈಗ ಬಳಕೆಯಲ್ಲಿರುವ ರೂಪ 1995ರದು. ಅದು ಲೀಟರಿಗೆ 10 ಮಿಲಿಗ್ರಾಂ ಹತ್ತಿರ ಒಂದು ಗೆರೆ ಎಳೆಯುತ್ತದೆ. ಅದಕ್ಕಿಂತ ಹೆಚ್ಚು ಕರಗುವುದಕ್ಕೆ ಫ್ಲಾಸ್ಕ್ ವಿಧಾನ, ಕಡಿಮೆ ಕರಗುವುದಕ್ಕೆ ಕಾಲಂ ವಿಧಾನ.

ಫ್ಲಾಸ್ಕ್ ವಿಧಾನದಲ್ಲಿ ಪರ್ಯಾಪ್ತವಾಗಲು ಬೇಕಾದ್ದಕ್ಕಿಂತ ಐದು ಪಟ್ಟು ಪದಾರ್ಥವನ್ನು ಮೂರು ಗಾಜಿನ ಪಾತ್ರೆಗಳಿಗೆ ಹಾಕಿ, ನೀರು ತುಂಬಿ, ಬಿಗಿಯಾಗಿ ಮುಚ್ಚಿ, 30 ಡಿಗ್ರಿಯಲ್ಲಿ ಅಲುಗಾಡಿಸುತ್ತಾರೆ. ಒಂದು ದಿನ ಕಳೆದ ಮೇಲೆ ಮೊದಲ ಪಾತ್ರೆಯನ್ನು ಅಳತೆಯ ತಾಪಕ್ಕೆ, ಎಂದರೆ ಹೆಚ್ಚಾಗಿ 20 ಡಿಗ್ರಿಗೆ ತಂದು ಮತ್ತೆ ಒಂದು ದಿನ ಬಿಡುತ್ತಾರೆ. ಎರಡನೆಯದಕ್ಕೆ ಎರಡು ದಿನ, ಮೂರನೆಯದಕ್ಕೆ ಮೂರು ದಿನ ಅಲುಗಾಟ, ಆಮೇಲೆ ಅದೇ ಕ್ರಮ. ಕೊನೆಯ ಎರಡು ಪಾತ್ರೆಗಳ ಉತ್ತರದಲ್ಲಿ ಶೇ 15ಕ್ಕಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಕರಗುವುದು ಮುಗಿದಿದೆ ಎಂದು ಒಪ್ಪಬಹುದು. ಉತ್ತರ ಏರುತ್ತಲೇ ಹೋಗುತ್ತಿದ್ದರೆ ಇನ್ನೂ ಕಾಯಬೇಕು.

ಇಷ್ಟು ದಿನ ಏಕೆ ಬೇಕು? ನಾಯ್ಸ್ ಮತ್ತು ವಿಟ್ನಿ ಎಂಬ ಇಬ್ಬರು ವಿಜ್ಞಾನಿಗಳು 1897ರಲ್ಲೇ ಇದನ್ನು ತೋರಿಸಿದ್ದರು. ಕರಗುವ ವೇಗ, ಇನ್ನೂ ಎಷ್ಟು ಕರಗಲು ಬಾಕಿ ಇದೆಯೋ ಅದರ ಪ್ರಮಾಣದಲ್ಲೇ ಇರುತ್ತದೆ. ಗುರಿ ಹತ್ತಿರವಾದಂತೆ ನಡಿಗೆ ನಿಧಾನ. ಕೊನೆಯ ಶೇ 5 ಕರಗುವುದಕ್ಕೇ ದಿನಗಟ್ಟಲೆ ಹಿಡಿಯಬಹುದು. ಮೊದಲು 30 ಡಿಗ್ರಿಗೆ ಬಿಸಿ ಮಾಡುವುದರ ಹಿಂದಿನ ಜಾಣತನವೂ ಇದೇ. ಬಹುಪಾಲು ಘನಪದಾರ್ಥಗಳು ಬಿಸಿಯಲ್ಲಿ ಸ್ವಲ್ಪ ಹೆಚ್ಚು ಕರಗುತ್ತವೆ, ತಣಿದಾಗ ಹೆಚ್ಚಾದದ್ದು ಹೊರಗೆ ಬೀಳುತ್ತದೆ, ನಾವು ಮೇಲಿನಿಂದ ಗುರಿಗೆ ಇಳಿಯುತ್ತೇವೆ. ಬಿಸಿ ಮಾಡದ ಇನ್ನೊಂದು ಪಾತ್ರೆಯನ್ನಿಟ್ಟು ಕೆಳಗಿನಿಂದಲೂ ಹತ್ತಿ, ಎರಡೂ ಒಂದೇ ಸಂಖ್ಯೆಯಲ್ಲಿ ಸೇರಿದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಈಗ ಸೋಸುವ ಕೆಲಸ. ಅನೇಕರು ಎಡವುವ ಜಾಗ ಇದು. ಕಣಗಳನ್ನು ತಡೆಯಲು ಸಣ್ಣ ರಂಧ್ರದ ಫಿಲ್ಟರ್ ಹಾಕುತ್ತೇವೆ. ಆದರೆ ನೀರನ್ನು ಕಂಡರೆ ಆಗದ ಅಣುಗಳಿಗೆ ಫಿಲ್ಟರಿನ ಪ್ಲಾಸ್ಟಿಕ್ ಪೊರೆ ಬಹಳ ಹಿತ. ಕರಗಿದ್ದೂ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಆಗ ಉತ್ತರ ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತದೆ. ಆದ್ದರಿಂದ ಮೊದಲು ಸೋಸಿಬಂದ ಕೆಲವು ಮಿಲಿಲೀಟರ್ ಚೆಲ್ಲಬೇಕು, ಪೊರೆ ತನಗೆ ಬೇಕಾದಷ್ಟು ಹೀರಿಕೊಳ್ಳಲಿ. ಫಿಲ್ಟರ್ ಬೇಡವೆಂದರೆ ಗಿರಗಿರ ತಿರುಗಿಸಿ ಕಣಗಳನ್ನು ತಳಕ್ಕೆ ಕೂರಿಸುವ ಸೆಂಟ್ರಿಫ್ಯೂಜ್ ಯಂತ್ರ ಇದೆ, ಅದನ್ನೂ ಅಳತೆಯ ತಾಪದಲ್ಲೇ ತಿರುಗಿಸಬೇಕು. ನೀರಿಗಿಂತ ಹಗುರವಾದ ಕಣಗಳು ತಳ ಸೇರುವುದಿಲ್ಲ, ಮೇಲೆ ತೇಲುತ್ತವೆ ಎಂಬುದನ್ನೂ ಮರೆಯಬಾರದು. ಮಾದರಿ ಎಳೆದುಕೊಳ್ಳುವ ಕೊಳವೆ, ಅಂದರೆ ಪಿಪೆಟ್, ತಣ್ಣಗಿದ್ದರೆ ಅದರೊಳಗೇ ಹರಳು ಕೂರಬಹುದು. ಗಾಜಿನ ಗೋಡೆ ಕೂಡ ತನ್ನ ಪಾಲು ತೆಗೆದುಕೊಳ್ಳುತ್ತದೆ. ಹಾಗಾಗಿ ತೆಗೆದ ಮಾದರಿಗೆ ತಕ್ಷಣ ಅಸಿಟೋನೈಟ್ರೈಲ್‌ನಂಥ ದ್ರಾವಕ ಸೇರಿಸಿ ಎಲ್ಲವನ್ನೂ ದ್ರಾವಣದಲ್ಲೇ ಹಿಡಿದಿಡುವುದು ರೂಢಿ. ಗಮನಿಸಿ, ಕಣ ನುಸುಳಿದರೆ ಉತ್ತರ ಏರುತ್ತದೆ, ಅಂಟಿಕೊಂಡರೆ ಇಳಿಯುತ್ತದೆ. ಎರಡೂ ಒಟ್ಟಿಗೆ ನಡೆದು, ಸಂಖ್ಯೆ ಆಕಸ್ಮಿಕವಾಗಿ ಸರಿಯಾಗಿ ಕಾಣುವುದೂ ಉಂಟು.

ಕಾಲಂ ವಿಧಾನ ಈ ಜಂಜಾಟವನ್ನೇ ತಲೆಕೆಳಗು ಮಾಡುತ್ತದೆ. ನನಗೆ ಬಹಳ ಇಷ್ಟವಾದ ಉಪಾಯ ಇದು. ಪದಾರ್ಥವನ್ನು ನೀರಿನೊಳಗೆ ಬಿಟ್ಟು ಆಮೇಲೆ ಬೇರ್ಪಡಿಸುವ ಬದಲು ಅದನ್ನು ಒಂದು ಕಡೆ ಕಟ್ಟಿಹಾಕಿ, ನೀರನ್ನೇ ಅದರ ಬಳಿಗೆ ಕಳುಹಿಸಿದರೆ ಹೇಗೆ? ಸಣ್ಣ ಗಾಜಿನ ಮಣಿಗಳನ್ನೋ ಮರಳನ್ನೋ ತೆಗೆದುಕೊಂಡು, ಬೇಗ ಆರುವ ದ್ರಾವಕದಲ್ಲಿ ಕರಗಿಸಿದ ಪದಾರ್ಥವನ್ನು ಅದರ ಮೇಲೆ ಸುರಿದು, ದ್ರಾವಕವನ್ನು ಪೂರ್ತಿ ಆರಿಸುತ್ತಾರೆ. ಪ್ರತಿ ಮಣಿಯ ಮೇಲೂ ತೆಳುವಾದ ಲೇಪ ಉಳಿಯುತ್ತದೆ. ಇವನ್ನು ಕೊಳವೆಯಲ್ಲಿ ತುಂಬಿ ನಿಧಾನವಾಗಿ ನೀರು ಹರಿಸಿದರೆ, ಕೆಳಗೆ ಬರುವ ಹೊತ್ತಿಗೆ ಅದು ಪರ್ಯಾಪ್ತವಾಗಿರುತ್ತದೆ. ಕಲಕುವುದಿಲ್ಲ, ಆದ್ದರಿಂದ ಪುಡಿ ಏಳುವುದೂ ಇಲ್ಲ. ಮೊದಲು ಬರುವ ನೀರನ್ನು ಬಿಟ್ಟುಬಿಡುತ್ತಾರೆ, ಸಡಿಲವಾಗಿದ್ದ ಕಣಗಳೂ ಸುಲಭವಾಗಿ ಕರಗುವ ಕಶ್ಮಲಗಳೂ ಅದರೊಂದಿಗೆ ಹೋಗುತ್ತವೆ. ಒಂದಾದ ಮೇಲೊಂದು ಐದು ಮಾದರಿಗಳು ಒಂದೇ ಮಟ್ಟದಲ್ಲಿ ಬಂದ ಮೇಲೆ ನೀರಿನ ಹರಿವನ್ನು ಅರ್ಧಕ್ಕೆ ಇಳಿಸಿ ಮತ್ತೆ ಅಳೆಯುತ್ತಾರೆ. ಸಂಖ್ಯೆ ಬದಲಾಗದಿದ್ದರೆ ನೀರಿಗೆ ಸಾಕಷ್ಟು ಸಮಯ ಸಿಕ್ಕಿತ್ತು ಎಂದರ್ಥ. ಏರಿದರೆ, ಮೊದಲ ಹರಿವು ಅವಸರದ್ದಾಗಿತ್ತು. ಹೊರಬಂದ ನೀರಿನ ಮೂಲಕ ಬೆಳಕಿನ ಕಿರಣ ಹಾಯಿಸಿ, ದಾರಿ ಹೊಳೆಯುತ್ತದೆಯೇ ಎಂದು ನೋಡುವುದೂ ಇದೆ. ಹೊಳೆದರೆ ಅದು ಟಿಂಡಾಲ್ ಪರಿಣಾಮ, ಒಳಗೆ ಕಲಿಲ ಇದೆ ಎಂಬ ಚಾಡಿ.

ಅಮೆರಿಕದ ರಾಷ್ಟ್ರೀಯ ಮಾನಕ ಬ್ಯೂರೋದಲ್ಲಿ ವಿಲ್ಲಿ ಮೇ ಮತ್ತು ಅವರ ಸಹೋದ್ಯೋಗಿಗಳು 1978ರಲ್ಲಿ ಇಂಥ ಕಾಲಮ್ಮನ್ನು ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ದ್ರವ ವರ್ಣರೇಖನ ಯಂತ್ರಕ್ಕೇ ನೇರವಾಗಿ ಜೋಡಿಸಿದರು. ಪರ್ಯಾಪ್ತ ನೀರು ಹೊರಗಿನ ಪಾತ್ರೆಯನ್ನೇ ಕಾಣದೆ ಅಳತೆಗೆ ಹೋಯಿತು. ಆಂಥ್ರಸೀನ್, ಫಿನಾಂತ್ರೀನ್‌ಗಳ ನಂಬಲರ್ಹ ಅಂಕಿಗಳು ಬಂದದ್ದು ಈ ದಾರಿಯಲ್ಲಿ.

ಆ ಎರಡರ ವಿಷಯ ಸ್ವಾರಸ್ಯವಾಗಿದೆ. ಎರಡಕ್ಕೂ ಒಂದೇ ಅಣುಸೂತ್ರ, 14 ಕಾರ್ಬನ್, 10 ಹೈಡ್ರೋಜನ್. ಎರಡರಲ್ಲೂ ಮೂರು ಬೆಂಜೀನ್ ಉಂಗುರಗಳು. ಆಂಥ್ರಸೀನ್‌ನಲ್ಲಿ ಉಂಗುರಗಳು ನೇರ ಸಾಲಿನಲ್ಲಿವೆ, ಫಿನಾಂತ್ರೀನ್‌ನಲ್ಲಿ ಸಾಲು ಬಾಗಿದೆ, ಅಷ್ಟೇ. ಆದರೆ ಫಿನಾಂತ್ರೀನ್ ಲೀಟರಿಗೆ ಒಂದು ಮಿಲಿಗ್ರಾಂ ದಾಟಿ ಕರಗುತ್ತದೆ, ಆಂಥ್ರಸೀನ್‌ಗಿಂತ 20 ಪಟ್ಟಿಗೂ ಹೆಚ್ಚು. ನೀರಿಗೆ ಈ ಅಣುಗಳಲ್ಲಿ ಅಂಥ ಭೇದವಿಲ್ಲ, ಭೇದ ಇರುವುದು ಹರಳಿನಲ್ಲಿ. ಆಂಥ್ರಸೀನ್‌ನ ಹರಳು ಗಟ್ಟಿಯಾಗಿ ಹೆಣೆದುಕೊಂಡಿದೆ, ಬಿಸಿಗೆ ಕರಗಿ ದ್ರವವಾಗಲು 216 ಡಿಗ್ರಿ ಬೇಕು. ಫಿನಾಂತ್ರೀನ್‌ಗೆ ಸುಮಾರು 100 ಡಿಗ್ರಿ ಸಾಕು. ಅಂದಮೇಲೆ ನಾವು ಅಳೆಯುತ್ತಿರುವುದು ನೀರು ಮತ್ತು ಅಣುವಿನ ನಂಟನ್ನಷ್ಟೇ ಅಲ್ಲ, ಅಣು ತನ್ನ ಹರಳನ್ನು ಬಿಟ್ಟುಬರಲು ಎಷ್ಟು ಒಲ್ಲೆ ಎನ್ನುತ್ತದೆ ಎಂಬುದನ್ನೂ.

ಹರಳಿನ ರೂಪ ಬದಲಾದರೆ ಅಂಕಿಯೂ ಬದಲಾಗುತ್ತದೆ. ಎಚ್‌ಐವಿ ಚಿಕಿತ್ಸೆಯ ರಿಟೊನಾವಿರ್ ಎಂಬ ಔಷಧ 1996ರಲ್ಲಿ ಮಾರುಕಟ್ಟೆಗೆ ಬಂತು. 1998ರಲ್ಲಿ ಅದರ ಇನ್ನೊಂದು ಹರಳು ರೂಪ, ಅಲ್ಲಿಯವರೆಗೆ ಯಾರೂ ಕಾಣದ್ದು, ತಯಾರಿಕೆಯ ನಡುವೆ ತಾನಾಗಿ ಹುಟ್ಟಿಕೊಂಡಿತು. ಅಣು ಅದೇ, ಕರಗುವ ಪ್ರಮಾಣ ಬಹಳ ಕಡಿಮೆ. ಕ್ಯಾಪ್ಸೂಲುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅದಕ್ಕೇ ಅನುಭವಸ್ಥರು ಅಳತೆ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಪುಡಿಯನ್ನು ಎಸೆಯುವುದಿಲ್ಲ. ಹರಳಿನ ಒಳಜೋಡಣೆಯನ್ನು ತೋರಿಸುವ ಎಕ್ಸ್‌ರೇ ವಿವರ್ತನೆಗೆ ಹಿಡಿದು, ಹಾಕಿದ ಹರಳೇ ಉಳಿದಿದೆಯೋ, ನೀರನ್ನು ಕಟ್ಟಿಕೊಂಡು ಬೇರೊಂದಾಗಿದೆಯೋ ನೋಡುತ್ತಾರೆ. ಔಷಧ ಸಂಶೋಧನೆಯಲ್ಲಿ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ ಪದಾರ್ಥವನ್ನು ನೀರಿಗೆ ಹನಿಸಿ, ಮಬ್ಬು ಕಾಣಿಸಿದ ಕೂಡಲೇ ಇಷ್ಟೇ ಮಿತಿ ಎನ್ನುವ ಶೀಘ್ರ ಪರೀಕ್ಷೆಯೂ ಇದೆ. ಸಾವಿರಾರು ಪದಾರ್ಥಗಳನ್ನು ಜರಡಿ ಹಿಡಿಯಲು ಅದು ಸರಿ. ಆದರೆ ಅಲ್ಲಿ ಹರಳು ಇನ್ನೂ ಕೂಡಿಕೊಂಡಿರುವುದಿಲ್ಲ, ಸಂಖ್ಯೆ ನಿಜಕ್ಕಿಂತ ಮೇಲೇ ಇರುತ್ತದೆ.

ಲವಣಗಳ ಕಥೆ ಬೇರೆ. ಕೋಲ್‌ರಾಷ್ ಮತ್ತು ರೋಸ್ ಎಂಬ ವಿಜ್ಞಾನಿಗಳು 1893ರಲ್ಲಿ ಸಿಲ್ವರ್ ಕ್ಲೋರೈಡ್‌ನಂಥವುಗಳನ್ನು ನೀರಿನ ವಿದ್ಯುತ್ ವಾಹಕತೆಯಿಂದ ಅಳೆದರು. ಸುಂದರ ವಿಧಾನ, ಆದರೆ ವಾಹಕತೆಗೆ ಹೆಸರು ಗೊತ್ತಿಲ್ಲ, ಕರಗಿರುವುದು ಯಾವುದೆಂದು ಅದು ಹೇಳದು. ಗಾಳಿಯಿಂದ ಸೇರಿದ ಇಂಗಾಲದ ಡೈಆಕ್ಸೈಡ್ ಒಂದೇ ಶುದ್ಧ ನೀರಿನ ವಾಹಕತೆಯನ್ನು ಸೆಂಟಿಮೀಟರಿಗೆ ಒಂದು ಮೈಕ್ರೋಸೀಮೆನ್ಸ್ ಹತ್ತಿರಕ್ಕೆ ಏರಿಸುತ್ತದೆ. ಸಿಲ್ವರ್ ಕ್ಲೋರೈಡ್ ಕರಗಿ ಸೇರಿಸುವುದೇ ಎರಡಕ್ಕಿಂತ ಕಡಿಮೆ. ಇದೇ ಕಾರಣಕ್ಕೆ ಈಗ ಆ ಪದಾರ್ಥವನ್ನೇ ಗುರುತಿಸಿ ಅಳೆಯುವ ವಿಧಾನಗಳಿಗೆ ಆದ್ಯತೆ. ಮಾದರಿಯಲ್ಲಿ ಶೇ 1ರಷ್ಟು ಕಶ್ಮಲವಿದ್ದು ಅದು ಚೆನ್ನಾಗಿ ಕರಗುವಂಥದ್ದಾದರೆ, ನೀರಿನಲ್ಲಿ ಸಿಗುವುದು ಬಹುಪಾಲು ಕಶ್ಮಲವೇ.

ಇಷ್ಟೆಲ್ಲ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಡಿಡಿಟಿ ಇದೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಪೊಂಟೊಲಿಲ್ಲೊ ಮತ್ತು ಈಗನ್‌ಹೌಸ್ 2001ರಲ್ಲಿ ಒಂದು ವರದಿ ಪ್ರಕಟಿಸಿದರು. ಡಿಡಿಟಿ ಮತ್ತು ಅದು ಒಡೆದು ಆಗುವ ಡಿಡಿಇ ನೀರಿನಲ್ಲಿ ಎಷ್ಟು ಕರಗುತ್ತವೆ, ನೀರು ಮತ್ತು ಆಕ್ಟನಾಲ್ ಎಂಬ ಎಣ್ಣೆಯಂಥ ದ್ರಾವಕದ ನಡುವೆ ಹೇಗೆ ಹಂಚಿಕೊಳ್ಳುತ್ತವೆ ಎಂಬ ಬಗ್ಗೆ 1944ರಿಂದ ಅಚ್ಚಾದ ಸುಮಾರು 700 ಪ್ರಕಟಣೆಗಳನ್ನು ಅವರು ಜಾಲಾಡಿದ್ದರು. ಮೂಲ ಅಳತೆಗಳ ನಡುವೆಯೇ ನೂರರಿಂದ ಹತ್ತು ಸಾವಿರ ಪಟ್ಟು ಅಂತರ. ಐದು ದಶಕಗಳಲ್ಲಿ ಆ ಅನಿಶ್ಚಿತತೆ ತಗ್ಗಿದ ಲಕ್ಷಣವೂ ಇಲ್ಲ. ಕೈಪಿಡಿಗಳು ಒಂದನ್ನೊಂದು ನಕಲು ಮಾಡುತ್ತ ಬಂದಿದ್ದವು, ನಕಲಿನಲ್ಲಿ ತಪ್ಪುಗಳೂ ಸೇರಿಕೊಂಡಿದ್ದವು. ಸಂಕಲನಗಳಲ್ಲಿ ಮೂಲ ಅಳತೆಯ ಪಾಲು ಸಣ್ಣದು. ಒಂದೇ ಅಂಕಿ ಹತ್ತು ಪುಸ್ತಕಗಳಲ್ಲಿ ಕಂಡರೆ ಹತ್ತು ಸಾಕ್ಷಿ ಸಿಕ್ಕಿತೆಂದು ನಾವು ತಿಳಿಯುತ್ತೇವೆ. ಅದು ಯಾರೋ ಒಬ್ಬರು ಒಮ್ಮೆ ಅಳೆದದ್ದಿರಬಹುದು, ಸೋಸದೆಯೇ ಅಳೆದದ್ದೂ ಇರಬಹುದು.

ಈ ಅಂಕಿ ಕೈಪಿಡಿಯಲ್ಲಿ ಸುಮ್ಮನೆ ಕೂರುವುದೂ ಇಲ್ಲ. ನೀರಿನಿಂದ ಗಾಳಿಗೆ ಒಂದು ಪದಾರ್ಥ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕುವವರು ಅದರ ಆವಿಯ ಒತ್ತಡವನ್ನು ಕರಗುವ ಪ್ರಮಾಣದಿಂದ ಭಾಗಿಸುತ್ತಾರೆ. ತೇಲುವ ಪುಡಿಯಿಂದಾಗಿ ಕರಗುವ ಪ್ರಮಾಣ ಹತ್ತು ಪಟ್ಟು ಹೆಚ್ಚಾಗಿ ದಾಖಲಾಗಿದ್ದರೆ, ಗಾಳಿಗೆ ಏರುವ ಪಾಲು ಹತ್ತು ಪಟ್ಟು ಕಡಿಮೆ ಎಂದು ಕಾಣುತ್ತದೆ. ಆದ್ದರಿಂದ ಅಂಕಿಯ ಜೊತೆ ತಾಪ, ನೀರಿನ ಪಿಎಚ್, ಹರಳಿನ ರೂಪ, ಮಾದರಿಯ ಶುದ್ಧತೆ, ಕಾದ ಅವಧಿ, ಬೇರ್ಪಡಿಸಿದ ಬಗೆ ಇಷ್ಟನ್ನೂ ಬರೆದಿದ್ದಾರೆಯೇ ಎಂದು ಮೊದಲು ನೋಡಬೇಕು. ಉಪಕರಣಕ್ಕೆ ಏನೂ ಸಿಗದಿದ್ದಲ್ಲಿ ಒಳ್ಳೆಯ ವರದಿ ಸೊನ್ನೆ ಬರೆಯುವುದಿಲ್ಲ, ‘ಲೀಟರಿಗೆ ಇಂತಿಷ್ಟು ಮೈಕ್ರೋಗ್ರಾಂಗಿಂತ ಕಡಿಮೆ’ ಎಂದು ಬರೆಯುತ್ತದೆ, ಆ ‘ಇಂತಿಷ್ಟು’ ಉಪಕರಣದ ಮಿತಿ.

ನಮಸ್ಕಾರ.