ವಯಸ್ಸಿನ ಮೇಲೆ ತಪ್ಪು ಹಾಕಬೇಡಿ, ಮೊದಲು ಗಿಟಾರ್ ತಂತಿ ಎಷ್ಟು ಎತ್ತರ ಇದೆ ನೋಡಿ

ನಮಸ್ಕಾರ. ಇವತ್ತು ಸ್ಟ್ರಮ್ಮಿಂಗ್, ಅಂದರೆ ಗಿಟಾರ್ ತಂತಿಗಳನ್ನೆಲ್ಲ ಒಟ್ಟಿಗೆ ಮೀಟುವುದರ ಬಗ್ಗೆ ಮಾತಾಡುತ್ತೇನೆ ಅಂತ ಹೇಳಿದ್ದೆ. ಅದು ಮುಂದಿನ ವಾರ. ಹೋದ ವಿಡಿಯೊ ಕೆಳಗೆ ಬಂದ ಒಂದು ಕಾಮೆಂಟ್‌ಗೆ ಉತ್ತರ ಕೊಡದೆ ನನಗೆ ಸಮಾಧಾನವಿಲ್ಲ. "ಐವತ್ತು ದಾಟಿದವರಿಗೆ ಗಿಟಾರ್ ಆಸೆ ಯಾಕೆ ಹುಟ್ಟಿಸ್ತೀರಾ? ಬೆರಳು ಬಗ್ಗಲ್ಲ. ಸುಮ್ನೆ ದುಡ್ಡು ದಂಡ." ಇದಕ್ಕೆ ರಾಶಿ ಲೈಕ್ ಬೇರೆ!

ಸರ್, ಬೆರಳು ಬಗ್ಗುತ್ತದೆ. ಬಗ್ಗದೇ ಇರುವುದು ತಂತಿ.

ಗಿಟಾರ್ ಕೈಯಲ್ಲಿ ಇರುವವರು ಈಗಲೇ ನೋಡಿ. ಕತ್ತಿನ ಮೇಲೆ ಅಡ್ಡಲಾಗಿ ಇರುವ ಲೋಹದ ಪಟ್ಟಿಗಳೇ ಫ್ರೆಟ್. ತಂತಿ ಬಿಗಿಯುವ ತುದಿಯಿಂದ ಎಣಿಸುತ್ತಾ ಹನ್ನೆರಡನೇ ಫ್ರೆಟ್ ಹತ್ತಿರ ಬನ್ನಿ. ಎಲ್ಲಕ್ಕಿಂತ ದಪ್ಪ ತಂತಿಗೂ ಅದರ ಕೆಳಗಿನ ಫ್ರೆಟ್‌ಗೂ ನಡುವೆ ಎಷ್ಟು ಜಾಗ ಇದೆ? ಇದಕ್ಕೆ ಆ್ಯಕ್ಷನ್ ಅನ್ನುತ್ತಾರೆ. ಸ್ಟೀಲ್ ತಂತಿಯ, ಕರೆಂಟ್ ಬೇಡದ ಅಕೌಸ್ಟಿಕ್ ಗಿಟಾರಿನಲ್ಲಿ ಇದು ಸುಮಾರು 2.5 ಮಿಲಿಮೀಟರ್ ಇದ್ದರೆ ಆರಾಮ. ಕಡಿಮೆ ಬೆಲೆಯ ಗಿಟಾರನ್ನು ಡಬ್ಬದಿಂದ ತೆಗೆದು ಹಾಗೇ ಕೈಗೆ ಕೊಟ್ಟಾಗ ಅದು ಎಷ್ಟೋ ಸಲ 4 ಮಿಲಿಮೀಟರ್ ಇರುತ್ತದೆ. ಒಂದೂವರೆ ಮಿಲಿಮೀಟರ್ ಏನು ಮಹಾ ಅನ್ನಬೇಡಿ. ನಿಮ್ಮ ಬೆರಳಿಗೆ ಕೇಳಿ, ಅದು ಹೇಳುತ್ತದೆ.

ನನ್ನ ಹತ್ತಿರ ಒಬ್ಬರು ನಿವೃತ್ತ ಟೀಚರ್ ಬಂದರು. ಮೊಮ್ಮಗ ಆಸೆಪಟ್ಟು ತರಿಸಿಕೊಂಡು, ಆಮೇಲೆ ಮೂಲೆಗೆ ಇಟ್ಟಿದ್ದ ಗಿಟಾರ್ ಅವರದು. "ಮೇಡಂ, ನನಗೆ ವಯಸ್ಸಾಯ್ತು, ಎಫ್ ಕಾರ್ಡ್ ಬರೋದೇ ಇಲ್ಲ" ಅಂತ ಕಣ್ಣಲ್ಲಿ ನೀರು. ಕಾರ್ಡ್ ಅಂದರೆ ಕೆಲವು ಸ್ವರ ಒಟ್ಟಿಗೆ ನುಡಿಸುವುದು, ಎಫ್‌ಗೆ ತೋರುಬೆರಳಲ್ಲೇ ಆರೂ ತಂತಿ ಒತ್ತಬೇಕು. ನಾನು ಆ ಗಿಟಾರ್ ತೆಗೆದುಕೊಂಡು ಎಫ್ ಹಿಡಿದೆ. ನನ್ನ ಕೈಗೇ ನೋವಾಯಿತು! ನಟ್ ಅಂದರೆ ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ, ಅದರ ಹತ್ತಿರ ತಂತಿ ಅಷ್ಟು ಮೇಲಿತ್ತು. ಮೊದಲ ಫ್ರೆಟ್‌ನಲ್ಲೇ ಎಫ್ ಹಿಡಿಯಬೇಕಲ್ಲ, ಅಲ್ಲಿ ನಟ್ ಎತ್ತರ ಇದ್ದರೆ ಇಪ್ಪತ್ತರ ಹುಡುಗನೂ ಸೋಲುತ್ತಾನೆ. ರಿಪೇರಿಯವರು ನಟ್‌ನಲ್ಲಿ ತಂತಿ ಕೂರುವ ಗೀರು ಸ್ವಲ್ಪ ಆಳ ಮಾಡಿದರು, ತಂತಿಯ ಇನ್ನೊಂದು ತುದಿ ಕೂರುವ ಪಟ್ಟಿಯಾದ ಸ್ಯಾಡಲ್‌ನ ತಳ ಉಜ್ಜಿದರು, ತೆಳು ತಂತಿ ಹಾಕಿದರು. ಟೀಚರ್ ಈಗ ಎಫ್ ಹಿಡಿಯುತ್ತಾರೆ. ನಿಧಾನವಾಗಿ ಹಿಡಿಯುತ್ತಾರೆ, ಆದರೆ ಆರೂ ತಂತಿ ಕೇಳಿಸುತ್ತದೆ. ಅವರ ವಯಸ್ಸು ಏನಾದರೂ ಕಡಿಮೆ ಆಯಿತಾ?

ಆ ಉಜ್ಜುವ ಕೆಲಸದ ಲೆಕ್ಕ ಗೊತ್ತಿರಲಿ. ಹನ್ನೆರಡನೇ ಫ್ರೆಟ್ ತಂತಿಯ ಸರಿಯಾಗಿ ಅರ್ಧದಲ್ಲಿ ಇದೆ. ಹಾಗಾಗಿ ಅಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಒಂದು ಮಿಲಿಮೀಟರ್ ತೆಗೆಯಬೇಕು. ಗೊತ್ತಿಲ್ಲದೆ ಮನೆಯಲ್ಲಿ ಉಜ್ಜಲು ಕೂರಬೇಡಿ. ಜಾಸ್ತಿ ತೆಗೆದರೆ ತಂತಿ ಫ್ರೆಟ್‌ಗೆ ತಾಗಿ ಜುಂಯ್ ಅನ್ನುತ್ತದೆ. ಬೆಂಗಳೂರಿನವರಾದರೆ ಬಳೇಪೇಟೆ ಕಡೆ ಹೋಗಿ, ವಾದ್ಯದ ಅಂಗಡಿ ಸಾಲಾಗಿ ಇವೆ. ವೀಣೆ, ತಬಲ, ಹಾರ್ಮೋನಿಯಂ ಎಲ್ಲ ನೋಡುತ್ತಾ ಅರ್ಧ ದಿನ ಕಳೆಯಬಹುದು. ನನಗಂತೂ ಅಲ್ಲಿಂದ ಬರಲು ಮನಸ್ಸೇ ಆಗುವುದಿಲ್ಲ. ಇರಲಿ, ಎಲ್ಲಿಗೋ ಹೋದೆ.

ಇನ್ನು ಮಳೆಗಾಲ. ಮಲೆನಾಡಿನವರು, ಕರಾವಳಿಯವರು ಇದನ್ನು ಗಮನವಿಟ್ಟು ಕೇಳಿ. ಮರ ತೇವ ಹೀರಿಕೊಂಡು ಉಬ್ಬುತ್ತದೆ. ಗಿಟಾರಿನ ಮುಂದಿನ ಹಲಗೆ ಉಬ್ಬಿದರೆ ಅದರ ಮೇಲಿನ ಬ್ರಿಡ್ಜ್, ಅಂದರೆ ಸ್ಯಾಡಲ್ ಕೂತಿರುವ ಮರದ ತುಂಡು ಏರುತ್ತದೆ, ಜೊತೆಗೆ ತಂತಿಯೂ ಏರುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತಿದ್ದ ಕಾರ್ಡ್ ಜುಲೈನಲ್ಲಿ ಬರುವುದಿಲ್ಲ. ಆಗ ಏನು ಅಂದುಕೊಳ್ಳುತ್ತೀರಿ? "ಕೈಯಲ್ಲಿ ಶಕ್ತಿ ಕಡಿಮೆ ಆಯ್ತು." ಶಕ್ತಿ ಎಲ್ಲಿಗೂ ಹೋಗಿಲ್ಲ! ತಂತಿ ಮೇಲೆ ಹೋಗಿದೆ!

ಈಗ ಬುದ್ಧಿ ಹೇಳುವವರ ಸರದಿ. "ನೋವಿಲ್ಲದೆ ವಿದ್ಯೆ ಬರಲ್ಲ, ನಾವೆಲ್ಲ ಹಾಗೇ ಕಲಿತೆವು." ಬೆರಳ ತುದಿಯ ಚರ್ಮ ಕೆಲವು ವಾರ ಉರಿಯುತ್ತದೆ, ಅದು ಸರಿ. ಮಣಿಕಟ್ಟು ನೋಯುವುದು, ಹೆಬ್ಬೆರಳ ಬುಡ ಹಿಡಿದುಕೊಳ್ಳುವುದು ವಿದ್ಯೆಯಲ್ಲ. ಬ್ರೇಕ್ ಹಿಡಿದುಕೊಂಡಿರುವ ಸೈಕಲ್ ಕೊಟ್ಟು "ಅಂಕಲ್, ನಿಮ್ಮ ಕಾಲಲ್ಲಿ ಬಲ ಇಲ್ಲ" ಅನ್ನುತ್ತೀರಾ? ಇನ್ನೊಬ್ಬರು ಬರೆದಿದ್ದಾರೆ, "ಹಾಗಾದರೆ ಐವತ್ತು ಸಾವಿರದ ಗಿಟಾರ್ ತಗೋಬೇಕಾ?" ನಾನು ಯಾವಾಗ ಹಾಗೆ ಹೇಳಿದೆ? ಇರುವ ಗಿಟಾರನ್ನೇ ಸರಿ ಮಾಡಿಸಿ ಅಂದೆ. ಸಂಧಿವಾತ ಇರುವವರು ಡಾಕ್ಟರನ್ನು ಕೇಳಿ. ಅವರು ಸರಿ ಅಂದರೆ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ನೋಡಿ, ಅದರ ಎಳೆತ ತುಂಬಾ ಕಡಿಮೆ.

ಬೆರಳು ಬಗ್ಗಲ್ಲ ಅಂದಿರಲ್ಲ, ಬೆರಳ ತುದಿಯೇ ಇಲ್ಲದವರ ಕಥೆ ಕೇಳಿ. ಇಂಗ್ಲೆಂಡಿನ ರಾಕ್ ತಂಡ ಬ್ಲ್ಯಾಕ್ ಸಬಾತ್‌ನ ಗಿಟಾರ್ ವಾದಕ ಟೋನಿ ಅಯೋಮಿ. ಹದಿನೇಳನೇ ವಯಸ್ಸಿನಲ್ಲಿ, ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಅವರು ಎಡಗೈಯಲ್ಲಿ ಮೀಟುವವರು, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಆಗ ಕಾರ್ಖಾನೆಯ ಮ್ಯಾನೇಜರ್ ಅವರಿಗೆ ಜಾಝ್ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ಅವರ ರೆಕಾರ್ಡ್ ಕೇಳಿಸಿದರು. 1928ರ ಬೆಂಕಿ ಅನಾಹುತದಲ್ಲಿ ಎಡಗೈ ಸುಟ್ಟ ಮೇಲೆ ಜಾಂಗೊ ಹೆಚ್ಚಾಗಿ ಎರಡೇ ಬೆರಳಲ್ಲಿ ಸ್ವರ ಓಡಿಸುತ್ತಿದ್ದವರು. ಅಯೋಮಿ ಎದ್ದು ಕೂತರು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಬ್ಯಾಂಜೊದ ತೆಳು ತಂತಿ ಹಾಕಿದರು. ಮುಂದೆ ಶ್ರುತಿಯನ್ನೂ ಇಳಿಸಿದರು. ತಂತಿಯನ್ನು ತಮ್ಮ ಬೆರಳಿಗೆ ಹೊಂದಿಸಿಕೊಂಡರು! ಅವರು ಮಾಡಬಹುದು, ನಮ್ಮ ಟೀಚರ್ ಮಾಡಿದರೆ ದುಡ್ಡು ದಂಡವಾ?

ನೀವೂ ಮಾಡಿ. ದಪ್ಪನೆಯ 12ರ ತಂತಿ ಸೆಟ್ ತೆಗೆದು ತೆಳುವಾದ 10ರ ಸೆಟ್ ಹಾಕಿ. ಇಡೀ ಗಿಟಾರನ್ನು ಅರ್ಧ ಸ್ವರ ಇಳಿಸಿ ಒಂದನೇ ಫ್ರೆಟ್‌ಗೆ ಕೇಪೊ, ಅಂದರೆ ಎಲ್ಲ ತಂತಿ ಒತ್ತಿ ಹಿಡಿಯುವ ಕ್ಲಿಪ್ ಹಾಕಿ. ಶ್ರುತಿ ಮೊದಲಿನದೇ, ಎಳೆತ ಕಡಿಮೆ, ನಟ್‌ನ ತೊಂದರೆಯೂ ಇಲ್ಲ. ನಮ್ಮ ಶನಿವಾರದ ಆನ್‌ಲೈನ್ ಕ್ಲಾಸಿನಲ್ಲಿ ಮೊದಲ ದಿನ ಕಾರ್ಡ್ ಹೇಳಿಕೊಡುವುದಿಲ್ಲ, ಎಲ್ಲರ ಗಿಟಾರ್ ಅಳೆಯುತ್ತೇವೆ. ನಲವತ್ತು ದಾಟಿದವರಿಗೆ ಮಾತ್ರ ಆ ಬ್ಯಾಚ್. ಲಿಂಕ್ ಕೆಳಗಿದೆ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ನಿಮ್ಮ ಅಕ್ಕನಿಗೂ ಭಾವನಿಗೂ ಕಳಿಸಿ.

ಮತ್ತೆ "ಆದರೂ ಮೇಡಂ, ವಯಸ್ಸು..." ಅಂತ ಬರೆಯಬೇಡಿ. ತಂತಿ! ತಂತಿ ನೋಡಿ! ಅಳೆಯದೆ ವಯಸ್ಸಿನ ಮಾತು ಎತ್ತಿದವರಿಗೆ ನಾನು ಉತ್ತರ ಕೊಡುವುದಿಲ್ಲ. ಮಕ್ಕಳ ಜಾಮಿಟ್ರಿ ಬಾಕ್ಸ್‌ನಲ್ಲಿ ಸ್ಕೇಲ್ ಇರುತ್ತದೆ, ತಗೊಳ್ಳಿ. ಹನ್ನೆರಡನೇ ಫ್ರೆಟ್, ದಪ್ಪ ತಂತಿ, ಎಷ್ಟು ಮಿಲಿಮೀಟರ್ ಅಂತ ಕಾಮೆಂಟ್‌ನಲ್ಲಿ ಹಾಕಿ. ಮೂರೂವರೆ ಮಿಲಿಮೀಟರ್ ದಾಟಿದವರ ಹೆಸರನ್ನೆಲ್ಲ ಮುಂದಿನ ವಾರ ಓದುತ್ತೇನೆ, ಸ್ಟ್ರಮ್ಮಿಂಗ್ ಅದಾದ ಮೇಲೆ.