ಅವ್ವನ ಮೊಣಕಾಲು, ತಂಗಿಯ ಎಕ್ಸ್‌ರೇ

ಗಂಗಾವತಿ ಸಮೀಪದ ಅಂಜನಾದ್ರಿ ಬೆಟ್ಟಕ್ಕೆ ಒಟ್ಟು 575 ಮೆಟ್ಟಿಲು. ವರ್ಷಕ್ಕೊಮ್ಮೆ ತಪ್ಪದೆ ಹತ್ತುತ್ತಿದ್ದ ನಮ್ಮ ಅವ್ವ ಈ ಸಲ ಕೆಳಗಿನಿಂದಲೇ ಕೈಮುಗಿದಳು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಸರುಗದ್ದೆಗಳಲ್ಲಿ ಮೂವತ್ತು ವರ್ಷ ಭತ್ತದ ನಾಟಿ ಮಾಡಿದವಳು ಈಗ ನೆಲದಿಂದ ಏಳಬೇಕಾದರೆ ಗೋಡೆಗೆ ಅಂಗೈ ಊರುತ್ತಾಳೆ.

ಅವಳ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ, ಮೊಣಕಾಲಿನ ಒಳಬದಿಯಲ್ಲಿ ಎರಡು ಎಲುಬುಗಳ ನಡುವೆ ಇರಬೇಕಾದ ಸಂದು ಇರಲೇ ಇಲ್ಲ. ನಿಜ ಹೇಳಬೇಕೆಂದರೆ ಎಲುಬಿನ ತುದಿಗಳನ್ನು ಮುಚ್ಚಿರುವ ನುಣುಪಾದ ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಅದು ಸವೆದ ಮೇಲೆ ಕಿರಿದಾದ ಸಂದಷ್ಟೇ ಕಾಣುತ್ತದೆ. ಮೃದ್ವಸ್ಥಿಗೆ ನರಗಳಿಲ್ಲದ ಕಾರಣ ಆರಂಭದ ಸವೆತ ನೋವಾಗಿಯೂ ತಿಳಿಯುವುದಿಲ್ಲ.

ಸವೆತದ ಸುಳಿವನ್ನು ಬೇಗ ಕೊಡಬಹುದೆಂದು ಮೈಕ್ರೋ ಆರ್‌ಎನ್‌ಎಗಳ ಮೇಲೆ ನನಗೆ ಆಸೆ ಹುಟ್ಟಿದ್ದು ಇದೇ ಕಾರಣಕ್ಕೆ. ಜೀವಕೋಶದೊಳಗಿನ, ಸುಮಾರು 22 ರಾಸಾಯನಿಕ ಅಕ್ಷರಗಳಷ್ಟೇ ಉದ್ದವಿರುವ ಈ ತುಣುಕುಗಳು, ಪ್ರೋಟೀನ್ ತಯಾರಿಕೆಯ ಸಂದೇಶ ಹೊತ್ತ ಆರ್‌ಎನ್‌ಎಗೆ ಅಂಟಿಕೊಂಡು ಆ ತಯಾರಿಕೆಯನ್ನು ತಗ್ಗಿಸುತ್ತವೆ. 1993ರಲ್ಲಿ ಒಂದು ಮಿಲಿಮೀಟರಿನ ಹುಳುವಿನಲ್ಲಿ ಇವನ್ನು ಕಂಡ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ನೊಬೆಲ್ ಬಂತು.

ಮೃದ್ವಸ್ಥಿಯಲ್ಲಿ ಹೇರಳವಾಗಿರುವುದು ಮಿರ್-140 ಎಂಬ ಮೈಕ್ರೋ ಆರ್‌ಎನ್‌ಎ. ಮೃದ್ವಸ್ಥಿಯಲ್ಲಿ ನೀರು ಹಿಡಿದಿಡುವ ಅಗ್ರಿಕಾನ್ ಎಂಬ ವಸ್ತುವನ್ನು ಕತ್ತರಿಸುವ ಅಡಾಮ್ಟ್ಸ್-5 ಕಿಣ್ವವನ್ನು ಇದು ಹದ್ದುಬಸ್ತಿನಲ್ಲಿಡುತ್ತದೆ. ಸವೆದ ಕೀಲುಗಳಲ್ಲಿ ಇದರ ಪ್ರಮಾಣ ಕುಸಿದಿರುವುದು ಕಂಡುಬಂದಿದೆ. ಇದನ್ನು ತೆಗೆದುಹಾಕಿದ ಇಲಿಗಳ ಕೀಲುಗಳು ಬೇಗನೆ ಸವೆದವು.

ಇಂಥ ತುಣುಕುಗಳು ರಕ್ತದಲ್ಲೂ ಕೀಲಿನ ದ್ರವದಲ್ಲೂ ಸಣ್ಣ ಚೀಲಗಳೊಳಗೆ ಅಥವಾ ಪ್ರೋಟೀನ್‌ಗಳಿಗೆ ಅಂಟಿಕೊಂಡು ಕೆಡದೆ ಉಳಿಯುವುದರಿಂದ, ಎಕ್ಸ್‌ರೇಗಿಂತ ಮೊದಲೇ ರೋಗದ ಸುಳಿವು ಸಿಗಬಹುದೆಂದು ಸಂಶೋಧಕರು ಹುಡುಕುತ್ತಿದ್ದಾರೆ. ಆದರೆ ಒಂದು ಅಧ್ಯಯನದಲ್ಲಿ ಪ್ರಮಾಣ ಏರಿದ ತುಣುಕು ಇನ್ನೊಂದರಲ್ಲಿ ಏರುವುದಿಲ್ಲ. ಆದ್ದರಿಂದ ಒಂದನ್ನೇ ನಂಬದೆ ಹಲವನ್ನು ಒಟ್ಟಿಗೆ ಅಳೆಯುವುದೇ ಸರಿಯಾದ ದಾರಿ ಎಂದು ನನಗನಿಸುತ್ತದೆ.

ಚಿಕಿತ್ಸೆಯ ಮಾತು ಇನ್ನೂ ದೂರದ್ದು. ಕಡಿಮೆಯಾದದ್ದನ್ನು ಕೃತಕವಾಗಿ ತಯಾರಿಸಿ ಕೀಲಿಗೆ ಚುಚ್ಚುವ, ಹೆಚ್ಚಾದದ್ದನ್ನು ಕಟ್ಟಿಹಾಕುವ ಪ್ರಯೋಗಗಳು ಪ್ರಾಣಿಗಳಲ್ಲಿ ನಡೆದಿವೆ. ರಕ್ತನಾಳಗಳೇ ಇಲ್ಲದ ದಟ್ಟ ಮೃದ್ವಸ್ಥಿಯ ಜೀವಕೋಶಗಳವರೆಗೆ ಅದನ್ನು ತಲುಪಿಸುವುದು ಕಷ್ಟ, ಮತ್ತು ಒಂದೇ ತುಣುಕು ಹತ್ತಾರು ಜೀನ್‌ಗಳನ್ನು ಮುಟ್ಟುತ್ತದೆ. ಹಾಗಾಗಿ ಈ ಹೆಸರಿನಲ್ಲಿ ಯಾರಾದರೂ ಮಂಡಿನೋವಿನ ಇಂಜೆಕ್ಷನ್ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ.

ಸದ್ಯಕ್ಕೆ ಅವ್ವ ಮಂಚದ ಮೇಲೆ ಕಾಲು ಚಾಚಿ, ಮೊಣಕಾಲಿನಡಿ ಸುತ್ತಿಟ್ಟ ಟವೆಲನ್ನು ಒತ್ತಿ ಹತ್ತರವರೆಗೆ ಎಣಿಸುತ್ತಾಳೆ. ಪಕ್ಕದಲ್ಲಿ ಕುಳಿತವಳು ನನ್ನ ತಂಗಿ. ಅವಳಿಗೆ 38 ವರ್ಷ. ಈಗಲೂ ನಾಟಿಗೆ ಹೋಗುತ್ತಾಳೆ. ಸಂಜೆಯಾದರೆ ಮೊಣಕಾಲು ಬಿಗಿಯುತ್ತದೆ ಎನ್ನುತ್ತಾಳೆ. ಅವಳ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ.